ಎರಡು ಸುಳಿಯ ಹುಡುಗನನ್ನು ಹುಡುಕಿಕೊಂಡು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಿಂದಿನ ಬೀದಿಯಲ್ಲಿ ಬೇರೆಯೇ ಗೇಟು ಇದೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಒಳಗಿನಿಂದ ಸಾಬೂನು ಬೆರೆತ ಉಗಿಯ ವಾಸನೆ ಬರುತ್ತಿದೆ. ಎದುರಿನ ಟೀ ಅಂಗಡಿಯ ಕಟ್ಟೆಯ ಮೇಲೆ ಬೂದು ಬಣ್ಣದ ಸ್ವೆಟರ್ ತೊಟ್ಟ ಒಬ್ಬ ಹೆಂಗಸು ಕುಳಿತಿದ್ದಾರೆ. ರಾತ್ರಿ ಪಾಳಿ ಮುಗಿಸಿದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದಾರೆ. ಯಾರಿಗಾದರೂ ಕಾದು ಕುಳಿತವರು ಬರುವವರ ಮುಖ ನೋಡುವುದು ವಾಡಿಕೆ. ಇವರು ಹಾಗಲ್ಲ. ಬಂದವರು ತಮ್ಮನ್ನು ದಾಟಿ ಹೋಗುವವರೆಗೂ ಸುಮ್ಮನಿದ್ದು, ಆಮೇಲೆ ಹಿಂದಿನಿಂದ ತಲೆ ನೋಡುತ್ತಾರೆ.

"ಮುಖ ನಂಬೋ ಹಾಗಿಲ್ಲ ಸಾರ್" ಎನ್ನುತ್ತಾರೆ. "ಹದಿನಾರರಲ್ಲಿ ನೋಡಿದ ಮುಖ ಮೂವತ್ತು ದಾಟಿದ ಮೇಲೆ ಎಲ್ಲಿರುತ್ತೆ? ಸುಳಿ ಮಾತ್ರ ಎಲ್ಲಿಗೂ ಹೋಗಲ್ಲ. ಆ ಹುಡುಗನ ನೆತ್ತೀಲಿ ಎರಡು ಸುಳಿ. ಮೊದಲನೇ ದಿನ ನಾನೇ ತಲೆ ಬಾಚಿದ್ದೆ. ಎಷ್ಟು ನೀರು ಹಚ್ಚಿದ್ರೂ ಕೂದಲು ಎದ್ದು ನಿಂತ್ಕೊಳ್ತಿತ್ತು."

ಶಿಕ್ಷಣ ಸಂಶೋಧನಾ ಕೇಂದ್ರದಲ್ಲಿ ಇವರನ್ನು ಎಲ್ಲರೂ ಪತ್ತೇದಾರಕ್ಕ ಎಂದು ಕರೆಯುತ್ತಾರೆ. ಕಾಗದಪತ್ರಗಳಲ್ಲಿ ಇವರು 'ಕ್ಷೇತ್ರ ಸಹಾಯಕಿ' ಅಷ್ಟೆ. ಕಾಲು ಶತಮಾನದ ಹಿಂದೆ ಈ ಕೇಂದ್ರ ಒಂದನೇ ತರಗತಿಯ ಎಂಟುನೂರು ಮಕ್ಕಳನ್ನು ಆರಿಸಿಕೊಂಡಿತು. ಶಾಲೆಯಲ್ಲಿ ಕಲಿತದ್ದು ಮುಂದಿನ ಬದುಕಿಗೆ ಎಷ್ಟು ದೂರ ಜೊತೆಗೆ ಬರುತ್ತದೆ ಎಂಬುದನ್ನು ತಿಳಿಯಬೇಕಾಗಿತ್ತು. ಅದಕ್ಕಾಗಿ ಐದು ವರ್ಷಕ್ಕೊಂದು ಸುತ್ತಿನಂತೆ ಅದೇ ಮಕ್ಕಳನ್ನು ಹುಡುಕಿ ಮಾತನಾಡಿಸುತ್ತಾರೆ. ಆ ಮಕ್ಕಳಿಗೆ ಈಗ ಮಕ್ಕಳಾಗಿವೆ. ಸಂಶೋಧಕರು ಬಂದಿದ್ದಾರೆ, ಹೋಗಿದ್ದಾರೆ, ಪುಸ್ತಕಗಳು ಹೊರಬಂದಿವೆ. ಮೊದಲ ದಿನದಿಂದ ಇಂದಿನವರೆಗೆ ಉಳಿದಿರುವವರು ಇವರೊಬ್ಬರೇ. ಚಿಕ್ಕ ಮಕ್ಕಳ ಕೈಹಿಡಿದು ಕೋಣೆಗೆ ಕರೆತಂದು, ಚಿತ್ರದ ಹಾಳೆಗಳನ್ನು ಮುಂದಿಡುವ ಕೆಲಸಕ್ಕೆ ಸೇರಿದವರು, ಆ ಮಕ್ಕಳು ಊರೂರು ಚದುರಿದ ಹಾಗೆಲ್ಲ ಅವರ ಹಿಂದೆ ನಡೆಯುತ್ತಾ ಬಂದರು.

ಹುಡುಕುವುದೇನು ದೊಡ್ಡ ವಿಷಯ ಎನ್ನಿಸಬಹುದು. ಕಷ್ಟವಿರುವುದು ಅಲ್ಲಿಯ ಒಂದು ನಿಯಮದಲ್ಲಿ. ಇಂಥವರು ಅಧ್ಯಯನದಲ್ಲಿದ್ದಾರೆ ಎಂದು ಅವರ ಹೊರತು ಇನ್ನಾರಿಗೂ ಹೇಳುವಂತಿಲ್ಲ. ಅಕ್ಕಪಕ್ಕದವರನ್ನು ವಿಚಾರಿಸಬೇಕು, ಯಾಕೆಂದು ಹೇಳಬಾರದು. ಈ ಹುಡುಗನ ಹೆಸರನ್ನು ನನಗೂ ಹೇಳಿಲ್ಲ.

"ಹಳೇ ಪರಿಚಯ, ಸ್ಕೂಲಿನ ಕಾಲದ್ದು ಅಂತೀನಿ. ಅದು ಸುಳ್ಳೇನಲ್ಲವಲ್ಲ. ಜನ ಬಿಡ್ತಾರಾ? ಈ ಹುಡುಗನ ಹಳೇ ಮನೆ ಹತ್ರ ಕೇಳಿದ್ರೆ ಕೆಳಗಿನ ಮನೆಯಾಕೆ, 'ಹೆಣ್ಣಿನ ಕಡೆಯವರಾ?' ಅಂದ್ಲು. ಅಲ್ಲಮ್ಮ ಅಂದೆ. 'ಹಾಗಾದ್ರೆ ಸಾಲ ವಸೂಲಿಯವರು' ಅಂತ ಬಾಗಿಲು ಹಾಕಿದ್ಲು!"

ಇವರ ಯಜಮಾನರು ದರ್ಜಿ. ಅಂಗಡಿ ಕೆಳಗೆ, ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಹಿಂದಿನ ದಿನ ನಾನು ಅಲ್ಲಿಗೆ ಹೋದಾಗ ಅವರು ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ದೂರು ಹೇಳಿದ್ದರು. "ಊರಲ್ಲಿ ಕಳೆದುಹೋದವರನ್ನೆಲ್ಲ ಹುಡುಕ್ತಾಳೆ. ನನ್ನ ಕನ್ನಡಕ ಬೆಳಿಗ್ಗೆಯಿಂದ ಕಾಣ್ತಿಲ್ಲ, ಅದಕ್ಕೆ ಇವಳಿಗೆ ಪುರುಸೊತ್ತಿಲ್ಲ."

"ಹಣೆ ಮೇಲೆ ಮುಟ್ಟಿ ನೋಡ್ಕೊಳ್ಳಿ" ಎಂದರು ಇವರು, ತಲೆ ಎತ್ತದೆ.

ಎಂಟುನೂರರಲ್ಲಿ ಒಬ್ಬರು ಸಿಗದಿದ್ದರೆ ಏನಾಯಿತು ಎಂದು ನಾನು ಕೇಳಿದ್ದೆ. ಕೇಂದ್ರದ ಪ್ರೊಫೆಸರಮ್ಮ ಬಹಳ ಹಿಂದೆ ಹೇಳಿಕೊಟ್ಟದ್ದನ್ನು ಇವರು ತಮ್ಮ ಮಾತಿನಲ್ಲಿ ಹೇಳಿದರು. "ಸುಖವಾಗಿರೋರು ಬೇಗ ಸಿಗ್ತಾರೆ ಸಾರ್. ಅದೇ ಮನೆ, ಅದೇ ಫೋನು. ಬಾಗಿಲು ತೆಗೆದು ಒಳಗೆ ಕರೀತಾರೆ. ಕೆಲಸ ಹೋದವರು, ಮನೆ ಬಿಟ್ಟವರು, ಮನಸ್ಸು ಮುರಿದವರು, ಇವರೇ ಕೈಗೆ ಸಿಗದವರು. ಸಿಕ್ಕಿದವರನ್ನಷ್ಟೇ ಕೇಳ್ಕೊಂಡು ಬಂದ್ರೆ ಲೋಕವೆಲ್ಲ ಸುಖವಾಗಿದೆ ಅಂತ ಬರೆದುಬಿಡ್ತೀವಿ."

ದೇವರ ಲೆಕ್ಕದಲ್ಲಿ ಯಾರೂ ಕಳೆದುಹೋಗುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದ ನಮಗೆ, ಮನುಷ್ಯರ ಲೆಕ್ಕದಲ್ಲೂ ಯಾರೂ ಕಳೆದುಹೋಗಬಾರದೆಂದು ಕಾಲು ಸವೆಸುವವರನ್ನು ಕಂಡಾಗ ಕೈಮುಗಿಯಬೇಕೆನಿಸುತ್ತದೆ.

ತೀರಿಹೋದವರ ಮನೆಗೂ ಇವರು ಹೋಗಬೇಕು. ಯಾವಾಗ, ಹೇಗೆ ಎಂದು ಕೇಳಿ ಬರೆದುಕೊಳ್ಳಬೇಕು. ಅಲ್ಲಿ ಹೋದ ಕೂಡಲೇ ಪೆನ್ನು ತೆಗೆಯುವುದಿಲ್ಲ. ಒಮ್ಮೆ ಒಬ್ಬ ತಾಯಿ, "ಚಿಕ್ಕವಳಿದ್ದಾಗ ನನ್ನ ಮಗಳು ನಿಮ್ಮ ಹತ್ರ ಏನೇನು ಹೇಳಿದ್ಲು?" ಎಂದು ಕೇಳಿದಳಂತೆ. ಅದನ್ನು ಹೆತ್ತವರಿಗೂ ಹೇಳುವಂತಿಲ್ಲ. "ಏನು ಹೇಳಿದ್ಲು ಅಂತ ಹೇಳೋ ಹಾಗಿಲ್ಲಮ್ಮ. ನಗ್ತಾ ನಗ್ತಾ ಹೇಳಿದ್ಲು, ಅಷ್ಟು ಹೇಳ್ತೀನಿ ಅಂದೆ. ಆಯಮ್ಮನಿಗೆ ಅಷ್ಟೇ ಸಾಕಾಗಿತ್ತು." ಹೋದವರ ನಗುವನ್ನು ಹೊರಗಿನವರೊಬ್ಬರು ನೆನಪಿಟ್ಟುಕೊಂಡಿರುವುದು ಎಂಥ ಉಪಕಾರವೆಂಬುದು ಮನೆಯಲ್ಲೊಂದು ಜಾಗ ಬರಿದಾದವರಿಗೆ ಗೊತ್ತು. ನನಗೂ ಈಚೆಗೆ ಗೊತ್ತಾಗಿದೆ.

ಎರಡು ಸುಳಿಯ ಹುಡುಗ ಕಳೆದ ಎರಡು ಸುತ್ತುಗಳಲ್ಲಿ ಸಿಕ್ಕಿಲ್ಲ. ಮೂರನೆಯ ಸಲವೂ ಸಿಗದಿದ್ದರೆ ಆ ಹೆಸರನ್ನು ಮುಚ್ಚಿಬಿಡುತ್ತಾರೆ. ಮುಂದೆ ಯಾರೂ ಹುಡುಕುವುದಿಲ್ಲ. ಈ ಸುತ್ತು ಈ ವಾರಕ್ಕೆ ಮುಗಿಯುತ್ತದೆ, ಅದರ ಜೊತೆಗೆ ಇವರ ನೌಕರಿಯೂ. ಮನೆ ಬದಲಾಯಿಸಿದವರೂ ಕ್ಷೌರಿಕನನ್ನು ಬದಲಾಯಿಸುವುದಿಲ್ಲ ಎಂಬುದು ಇವರ ಅನುಭವ. ಹಳೆಯ ಮನೆಯ ಬೀದಿಯ ಕ್ಷೌರಿಕ ಬಾಯಿ ಬಿಟ್ಟದ್ದು ಇಷ್ಟೇ: "ಎರಡು ಸುಳಿ ತಾನೇ? ನನ್ನ ಕತ್ತರಿಗೆ ಅದು ಶತ್ರು. ಬರ್ತಾನೆ. ಆಸ್ಪತ್ರೆ ಬಟ್ಟೆ ವಾಸನೆ ಹೊತ್ಕೊಂಡೇ ಬರ್ತಾನೆ." ಒಳಗೆ ಹೋಗಿ ಮೇಲ್ವಿಚಾರಕರನ್ನು ಕೇಳಿದ್ದರೆ ಎರಡೇ ನಿಮಿಷದ ಕೆಲಸ. ಅವನನ್ನು ಯಾರೋ ಹುಡುಕಿಕೊಂಡು ಬಂದಿದ್ದಾರೆಂದು ನಾಲ್ಕು ಜನ ಆಡಿಕೊಳ್ಳುವುದು ಬೇಡವೆಂದು ಹೊರಗೆ ಕುಳಿತಿದ್ದಾರೆ.

ಗೇಟಿನಿಂದ ಇಬ್ಬರು ಒಟ್ಟಿಗೆ ಬಂದು ದಾಟಿಹೋದರು. ಪತ್ತೇದಾರಕ್ಕ ಎದ್ದರು. ಒಬ್ಬನ ನೆತ್ತಿಯ ಮೇಲೆ ಕೂದಲು ಎರಡು ಕಡೆ ಸೆಟೆದು ನಿಂತಿತ್ತು. ಜೊತೆಗಾರ ಬಸ್ಸು ಹತ್ತುವವರೆಗೆ ಕಾದು, ಹೆಸರು ಕೂಗದೆ, ಪಕ್ಕಕ್ಕೆ ಹೋಗಿ ಏನೋ ಹೇಳಿದರು. ಅವನು ತಿರುಗಿ ನೋಡಿದ.

"ಚಿತ್ರದ ಮಿಸ್ ಅಲ್ವಾ?"

ಟೀ ಕುಡಿಯೋಣ ಬನ್ನಿ ಎಂದು ಕರೆತಂದವನು ಅವನೇ. ನನ್ನ ಕಡೆ ನೋಡಿದ. "ಪೇಪರಿನವರು" ಎಂದರು ಇವರು. "ನನ್ನ ಬಗ್ಗೆ ಬರೀತಾರಂತೆ, ಬೇರೆ ಕೆಲಸ ಇಲ್ಲ ಅವರಿಗೆ. ನೀವು ಬೇಡ ಅಂದ್ರೆ ಆ ಕಡೆ ಕೂರಿಸ್ತೀನಿ."

"ಇರಲಿ. ಹೆಸರು ಮಾತ್ರ ಹಾಕ್ಬೇಡಿ ಯಜಮಾನ್ರೇ."

ಇವರು ಬಂದ ಕಾರಣ ಹೇಳಿದರು. ಅವನು ಲೋಟವನ್ನು ಅಂಗೈಗಳ ನಡುವೆ ತಿರುಗಿಸುತ್ತಾ ಕೇಳಿಸಿಕೊಂಡ.

"ಬೇಡ ಮಿಸ್."

"ಆಯ್ತು. ಯಾಕೆ ಅಂತ ಕೇಳಲ್ಲ."

"ಕೇಳಿದ್ರೂ ಹೇಳಲ್ಲ" ಎಂದು ನಕ್ಕ. ಆಮೇಲೆ ತಾನಾಗಿಯೇ ಹೇಳಿದ. "ಹೋದ ಸಲ ನೀವು ಬಂದಾಗ ಒಳಗೇ ಇದ್ದೆ. ಊರಲ್ಲಿಲ್ಲ ಅನ್ನಿ ಅಂತ ನಾನೇ ಹೇಳಿಸಿದ್ದು."

"ಅಯ್ಯೋ ಪುಣ್ಯಾತ್ಮ! ಆ ಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿಸಿದ್ರಲ್ಲ ನನ್ನ!"

"ನೀವು ಇಳಿದು ಹೋಗೋದನ್ನ ಕಿಟಕೀಲಿ ನೋಡ್ತಾ ನಿಂತಿದ್ದೆ ಮಿಸ್. ಮುಂದೆ ಏನಾಗ್ತೀಯಾ ಅಂತ ಕೇಳ್ತಿದ್ರಲ್ಲ, ಆಗೆಲ್ಲ ಎಷ್ಟು ಜಂಬದಿಂದ ಹೇಳ್ತಿದ್ದೆ. ಈಗ ಅದೇ ಜನದ ಮುಂದೆ ಕೂತು ಏನ್ ಹೇಳ್ಲಿ?"

ಇಷ್ಟಕ್ಕೇ ಪತ್ತೇದಾರಕ್ಕ ಎದ್ದು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಒಪ್ಪದವರಿಗೆ ಹೇಳಲೇಬೇಕಾದ ಇನ್ನೊಂದು ಮಾತು ಇದೆ. ಇಷ್ಟು ವರ್ಷಗಳಲ್ಲಿ ನಾಲಿಗೆಗೆ ಭಾರವಾದದ್ದು ಅದೊಂದೇ ಮಾತು ಎಂದು ದಾರಿಯಲ್ಲೇ ನನಗೆ ಹೇಳಿದ್ದರು. ಒಬ್ಬಾಕೆ ಅದನ್ನು ಕೇಳಿ "ಹಾಗಾದ್ರೆ ಅಳಿಸಿಬಿಡಿ" ಎಂದದ್ದಕ್ಕೆ ಅವಳದೆಲ್ಲವನ್ನೂ ಅಳಿಸಿದ್ದರಂತೆ. ಇವರು ಸ್ವೆಟರಿನ ತೋಳನ್ನು ಎಳೆದುಕೊಂಡು ಹೇಳಿಯೇಬಿಟ್ಟರು.

"ಹಿಂದೆ ಹೇಳಿದ್ದನ್ನೂ ತೆಗೆದುಹಾಕಿ ಅಂತ ನೀವು ಅಂದ್ರೆ ತೆಗೀತೀವಿ. ಅದು ನಿಮ್ಮ ಹಕ್ಕು."

"ಒಂದನೇ ಕ್ಲಾಸಿಂದೂ?"

"ಅದೂ, ಆಮೇಲಿಂದೂ. ಎಲ್ಲ."

ಅವನು ಟೀ ಮುಗಿಸಿ ಲೋಟವನ್ನು ಕಟ್ಟೆಯ ಮೇಲಿಟ್ಟ. ಎದ್ದು ನಿಂತ ಕೂದಲನ್ನು ಅಂಗೈಯಿಂದ ಒತ್ತಿದ. ಅದು ಮತ್ತೆ ಎದ್ದಿತು.

"ಆ ಹುಡುಗ ಇರಲಿ ಬಿಡಿ ಮಿಸ್" ಎಂದ. "ಅವನು ಚೆನ್ನಾಗಿದ್ದ."

"ಮುಂದಿನ ಸುತ್ತಿಗೆ ಯಾರಾದ್ರೂ ಬಂದು ಕೇಳಬಹುದಾ?"

"ಕೇಳೋಕೇನು, ಕೇಳಲಿ. ಈಗ ನೆಲದ ಮನೇಲೇ ಇದೀನಿ, ಮಹಡಿ ಹತ್ತೋದೇನಿಲ್ಲ."

"ಹೋಗಪ್ಪ, ಹೋಗಿ ನಿದ್ದೆ ಮಾಡು." ಅಷ್ಟು ಹೊತ್ತು 'ನೀವು' ಎನ್ನುತ್ತಿದ್ದವರ ಬಾಯಲ್ಲಿ ಏಕವಚನ ಬಂದದ್ದು ಇಬ್ಬರ ಗಮನಕ್ಕೂ ಬಂದಂತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಪತ್ತೇದಾರಕ್ಕ ಹಾಳೆಯಲ್ಲಿ ಬರೆಯುತ್ತಾರೆ: ಸಿಕ್ಕಿದರು, ಉತ್ತರಿಸಲು ಒಪ್ಪಲಿಲ್ಲ. ಪ್ರಶ್ನೆಗಳ ಜಾಗವೆಲ್ಲ ಖಾಲಿ. ಸಿಗದಿದ್ದರೂ ಖಾಲಿಯೇ ಇರುತ್ತಿತ್ತಲ್ಲ, ವ್ಯತ್ಯಾಸವೇನು ಎಂದು ಕೇಳುತ್ತೇನೆ.

"ಸಿಗಲಿಲ್ಲ ಅಂತ ಬರೆದಿದ್ರೆ ಇವತ್ತಿಗೆ ಆ ಹೆಸರು ಮುಚ್ಚಿಹೋಗ್ತಿತ್ತು. ಒಪ್ಪದವರ ಹೆಸರು ಮುಚ್ಚೋ ಹಾಗಿಲ್ಲ. ಮುಂದಿನ ಸಲ ಹೋಗಿ ಮತ್ತೆ ಕೇಳಲೇಬೇಕು." ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಾರೆ. "ನನ್ನ ಜಾಗಕ್ಕೆ ಬರೋ ಹುಡುಗಿಗೆ ಸುಳಿ ವಿಷಯ ಹೇಳಿಟ್ಟು ಹೋಗ್ತೀನಿ, ಅಷ್ಟು ಮಾಡಿದ್ರೆ ನನಗೆ ನೆಮ್ಮದಿ. ಆಗಲೂ ಅವರು ಬೇಡ ಅನ್ನಬಹುದು. ಅನ್ನಲಿ. ಬೇಡ ಅನ್ನೋಕಾದ್ರೂ ಯಾರಾದ್ರೂ ಬಂದು ಕೇಳಬೇಕಲ್ಲ ಸಾರ್."