ಆಕಾಶಕ್ಕೆ ಸೋರಿಹೋದ ಉಸಿರು

ಇಂಪಿ ಲಾಂಟ್ಟೊ ಉತ್ತರ ಧ್ರುವದ ಹತ್ತಿರದ ಗಣಿಯೂರು ಕಿರುನಾದಲ್ಲಿದ್ದ ನಮ್ಮ ಬಾಹ್ಯಾಕಾಶ ಕೇಂದ್ರದಲ್ಲಿ ಅಡುಗೆಯವಳು. ನಾನಿದ್ದದ್ದು ಪಕ್ಕದ ಯಂತ್ರಶಾಲೆಯಲ್ಲಿ. ಶನಿವಾರ ಕೇಂದ್ರ ನೋಡಲು ಬರುವ ಗಣಿಯ ಮಂದಿಗೆ ಧ್ರುವಪ್ರಭೆಯ, ಅಂದರೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಿನ, ಕಥೆ ಹೇಳುವ ಕೆಲಸವೂ ಅವಳದೇ. ವಿಜ್ಞಾನಿಗಳು ಹೇಳಿದರೆ ಜನ ಆಕಳಿಸುತ್ತಿದ್ದರು. "ಸೂರ್ಯ ಕಣಗಳನ್ನ ಉಗುಳ್ತಾನೆ, ಭೂಮಿಯ ಕಾಂತಕ್ಷೇತ್ರ ಕೊಡೆ ಹಿಡಿಯುತ್ತೆ, ಕೊಡೆ ಸೋರಿದ ಕಡೆ ಬೆಳಕು. ಅಷ್ಟೇ ಕಣ್ರಪ್ಪಾ!" ಎನ್ನುತ್ತಿದ್ದಳು.

ಅವಳ ಗಂಡ ಎಯ್ನೊ ಗಣಿಯ ಧೂಳು ಕುಡಿದು ಸತ್ತವನು. ಕೊನೆಯ ಚಳಿಗಾಲವೆಲ್ಲ ಮಂಚದ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಇತ್ತು. ಆ ಮಾತನ್ನು ಅವಳು ಎಂದೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಉಪಗ್ರಹ ಕಳಿಸುವ ಲೆಕ್ಕ ನೋಡುತ್ತಿದ್ದ ವಿಜ್ಞಾನಿ ಹಿಲ್ಲೆವಿ ಅಡುಗೆಮನೆಗೆ ಓಡಿಬಂದಳು. ಇಂಪಿ ಹಿಮಸಾರಂಗದ ಮಾಂಸ ಬೇಯಿಸುತ್ತಿದ್ದಳು.

"ಏನೇ, ದೆವ್ವ ಕಂಡೋಳ ಹಾಗಿದೀಯ?"

"ಆಮ್ಲಜನಕ, ಇಂಪಿ! ಕಾಂತಕ್ಷೇತ್ರದೊಳಗೆ ಬಿರುಸಾಗಿ ಓಡ್ತಿರೋ ಕಣಗಳಲ್ಲಿ ರಾಶಿ ಆಮ್ಲಜನಕ!"

"ಸೂರ್ಯನದೇ ಇರ್ಬೇಕು ಬಿಡು."

"ಅಲ್ವೇ ಅಲ್ಲ. ಸೂರ್ಯನ ಕಾವಿಗೆ ಸಿಕ್ಕಿದ್ದು ಎಲೆಕ್ಟ್ರಾನೆಲ್ಲ ಉದುರಿ ಹೆಚ್ಚುಕಮ್ಮಿ ಬೆತ್ತಲೆ ಬರುತ್ತೆ. ಇವು ತಲಾ ಒಂದೇ ಎಲೆಕ್ಟ್ರಾನ್ ಕಳ್ಕೊಂಡಿವೆ. ಇದು ನಮ್ಮ ಗಾಳಿ. ಇಲ್ಲಿಂದ್ಲೇ ಮೇಲೆದ್ದು ಹೋಗಿ, ಅಲ್ಲಿ ವೇಗ ತುಂಬ್ಕೊಂಡಿದೆ."

ಇಂಪಿಯ ಕೈಯ ಸೌಟು ನೆಲಕ್ಕೆ ಬಿತ್ತು. "ನಾವು ಉಸಿರಾಡೋದಾ?"

"ಹ್ಞೂಂ."

"ವಾಪಸ್ ಬರುತ್ತಾ?"

"ಸ್ವಲ್ಪ ಬರುತ್ತೆ. ಉಳಿದದ್ದು ಹೋದಂಗೇ."

ಆಲೂಗಡ್ಡೆ ಮೂಟೆಯ ಮೇಲೆ ಅವಳು ಕುಸಿದು ಕೂತಳು. "ಎಯ್ನೊ ಒಂದು ಗುಟುಕು ಗಾಳಿಗೆ ಬಾಯಿಬಾಯಿ ಬಿಟ್ಟ ಕಣೆ. ಅದು ಹಿಂಗೆ ಸೋರಿ ಹೋಗ್ತಿತ್ತಾ?"

ಹಿಲ್ಲೆವಿ ಗಾಬರಿಯಾದಳು. "ಹೋಗೋದು ತೀರಾ ಸ್ವಲ್ಪ. ಕೋಟಿ ವರ್ಷ ಕಳೆದ್ರೂ ಮುಗಿಯಲ್ಲ."

"ಅವನಿಗೆ ಬೇಕಾಗಿದ್ದೂ ಸ್ವಲ್ಪವೇ."

ಊಟಕ್ಕೆಂದು ಬಂದ ನಾನು ಬಾಗಿಲಲ್ಲೇ ನಿಂತಿದ್ದೆ. ಮಾಂಸ ಸೀದುಹೋಯಿತು, ಅಂದು ನಾವೆಲ್ಲ ನಮ್ಮ ಕಡೆಯ ವಾಡಿಕೆಯಂತೆ ಚೀಸ್ ತುಂಡು ಅದ್ದಿದ ಕಾಫಿಯಲ್ಲೇ ಊಟ ಮುಗಿಸಿದೆವು.

ಶನಿವಾರ ಇಂಪಿ ಕಥೆಯನ್ನು ಬದಲಿಸಿ, ನಮ್ಮ ಗಾಳಿಯೂ ಆಕಾಶಕ್ಕೆ ಸೋರುತ್ತದೆ ಎಂದು ಹೇಳಿದಳು. ಮುದಿ ಗಣಿಗಾರ ವಿಲ್ಹೊ ಬಾಯಿ ಹಾಕಿದ: "ಈ ಊರಿನ ಹುಡುಗರು ಮಾತ್ರ ಕೆಲಸ ಹುಡುಕ್ಕೊಂಡು ದಕ್ಷಿಣಕ್ಕೆ ಓಡ್ತಾರೆ ಅಂದ್ಕೊಂಡಿದ್ದೆ. ಗಾಳೀನೂ ಓಡುತ್ತಾ!"

ಎಲ್ಲರೂ ನಕ್ಕರು. ಇಂಪಿ ನಗಲಿಲ್ಲ. ನೇರ ಹಿಲ್ಲೆವಿಯ ಕೋಣೆಗೆ ಹೋಗಿ ಕೇಳಿದಳು: "ಅದನ್ನ ಅಷ್ಟು ಮೇಲಕ್ಕೆ ಎಳೆಯೋದು ಯಾವುದು ಕಣೇ?"

"ಗೊತ್ತಿಲ್ಲ, ಇಂಪಿ."

"ಗೊತ್ತಿಲ್ಲ ಅನ್ನೋಕೆ ನಿಂಗೆ ಸಂಬಳ ಕೊಡ್ತಾರಾ? ಹುಡುಕು!"

ಹಿಲ್ಲೆವಿ ಆಮೇಲೆ ಎಷ್ಟೋ ವರ್ಷ ಅದನ್ನೇ ಹುಡುಕಿದಳು. ಇಂಪಿ ನಿವೃತ್ತಳಾಗುವವರೆಗೂ ಊಟ ಬಡಿಸುವ ಮೊದಲು "ಸಿಕ್ತಾ?" ಎಂದು ಅವಳನ್ನು ವಿಚಾರಿಸುತ್ತಿದ್ದಳು.