ನೆತ್ತಿ ಒತ್ತಿದ ಕೈ

ಮೊದಲನೇ ಮೊಮ್ಮಗಳು ಹುಟ್ಟಿದ್ದು ಜಗಳೂರಿನ ನಮ್ಮ ಮನೆಯಲ್ಲೇ, ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇಸವಿ. ಆಗ ಓಣಿಯಲ್ಲಿ ಯಾರ ಮನೆ ಕೂಸಿಗಾದರೂ ಎರೆಯಾಕೆ ನನ್ನನ್ನೇ ಕರೀತಿದ್ದರು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ತಲೆ ದುಂಡಗಾಗಲಿ ಅಂತ ಎರಡೂ ಅಂಗೈಯಲ್ಲಿ ಒತ್ತಿ ಒತ್ತಿ ನೀರು ಹಾಕುತ್ತಿದ್ದೆ. ಇನ್ನು ಸ್ವಂತ ಮೊಮ್ಮಗಳನ್ನು ಬಿಟ್ಟೇನಾ? ಮೂರು ತಿಂಗಳು ಒತ್ತಿದೆ. ತಲೆ ಬೆಳವಲಕಾಯಿ ಹಂಗೆ ದುಂಡಗಾಯ್ತು. ನೋಡಿದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಆಮೇಲೆ ಅವಳು ಹೊನ್ನಾಳಿಗೆ, ಅವರಪ್ಪನ ಊರಿಗೆ ಹೋದಳು. ಸ್ಕೂಲಿಗೆ ಸೇರಿಸಿದ ಮೇಲೆ ದೂರು ಶುರುವಾಯ್ತು. ಕೂತಲ್ಲಿ ಕೂರಲ್ಲ, ಬರೆದ ಲೆಕ್ಕ ಅರ್ಧಕ್ಕೆ. ಒಂದು ಜಡೆ ಹೆಣೆಯೋದರೊಳಗೆ ಮೂರು ಸಲ ಎದ್ದು ಹೋಗೋಳು. ಬೆಂಕಿಪೆಟ್ಟಿಗೆ ತಾ ಅಂದರೆ ಕುರಿಮರಿ ಎತ್ತಿಕೊಂಡು ಬರೋಳು.

ಹೊನ್ನಾಳಿ ಆಸ್ಪತ್ರೆಗೆ ದಾವಣಗೆರೆಯಿಂದ ವಾರಕ್ಕೊಮ್ಮೆ ಮಕ್ಕಳ ಡಾಕ್ಟ್ರು ಬರುತ್ತಿದ್ದರು. ನಾನೂ ಮಗಳೂ ಕರಕೊಂಡು ಹೋದೆವು.

"ಮಿದುಳಿಗೆ ಎಲ್ಲೋ ಸಣ್ಣ ಪೆಟ್ಟು ಬಿದ್ದಿರಬೇಕು. ಹುಟ್ಟೋವಾಗಲೋ, ಎಳೇ ಕೂಸಿದ್ದಾಗಲೋ. ಕಣ್ಣಿಗೆ ಕಾಣಲ್ಲ" ಅಂದರು.

ಹುಡುಗಿ ಅಷ್ಟೊತ್ತಿಗೆ ಅವರ ಸ್ಟೆತಸ್ಕೋಪು ಕಿವಿಗೆ ಹಾಕಿಕೊಂಡು ಮೇಜಿಗೆ ಜ್ವರ ಐತಾ ಅಂತ ನೋಡುತ್ತಿದ್ದಳು. ನಾನು ನನ್ನ ಅಂಗೈ ನೋಡಿಕೊಂಡೆ. ಎಳೇ ಕೂಸಿದ್ದಾಗ ಆ ತಲೆ ಮುಟ್ಟಿದ್ದು ಯಾರು?

ಅವತ್ತಿನಿಂದ ಯಾರ ಕೂಸಿಗೂ ನೀರು ಹಾಕಲಿಲ್ಲ. ಕರೆದವರಿಗೆ ಮಣಿಕಟ್ಟು ನೋವು ಅಂದೆ. ನಿಜ ಮಗಳಿಗೂ ಹೇಳಲಿಲ್ಲ.

ನಾಲ್ಕೈದು ವರ್ಷದ ಮೇಲೆ ಮಗಳು ಎರಡನೇ ಸಲ ಹಡೆದಳು, ಅದೂ ಹೆಣ್ಣು. ಬಾಣಂತನಕ್ಕೆ ನಾನೇ ಹೊನ್ನಾಳಿಗೆ ಹೋದೆ. ನೀರು ಕಾಯಿಸಿದೆ, ಪಥ್ಯದ ಅಡುಗೆ ಮಾಡಿದೆ, ಕೂಸಿಗೆ ಎರೆಯಾಕೆ ಮಾತ್ರ ಪಕ್ಕದ ಮನೆಯಾಕೆಯನ್ನು ಕರೆದೆ.

"ಯವ್ವಾ, ಊರ ಕೂಸಿಗೆಲ್ಲ ಎರೆದಾಕಿ ನೀನು. ನನ್ನ ಕೂಸೇನು ಪಾಪ ಮಾಡೈತೆ?"

"ಕೈ ನೋವು ಕಣೇ."

"ರೊಟ್ಟಿ ತಟ್ಟಾಕೆ ಇಲ್ಲದ ನೋವು ನನ್ನ ಕೂಸಿಗೇ ಬಂತಾ?"

ಕೂಸಿಗೆ ಲಸಿಕೆ ಹಾಕಿಸಾಕೆ ಹೋದಾಗ ಕೂತಿದ್ದವರು ಅದೇ ಡಾಕ್ಟ್ರು. ಮಗಳು ಜೊತೆಗೆ ಬಂದಿದ್ದ ದೊಡ್ಡವಳ ವಿಷಯ ತೆಗೆದಳು.

"ಈಗ ಪೆಟ್ಟು ಅನ್ನಲ್ಲಮ್ಮ. ಹೆಸರೇ ಬದಲಾಗಿದೆ. ಗಮನ ನಿಲ್ಲಿಸೋ ತೊಂದರೆ ಅಂತಾರೆ."

ನನಗೆ ತಲೆಬುಡ ತಿಳಿಯಲಿಲ್ಲ. "ಅದೇ ಹುಡುಗಿ, ಅದೇ ತಲೆ, ನೀವೂ ಅವರೇ. ಅವತ್ತು ಬಿದ್ದಿದ್ದ ಪೆಟ್ಟು ಎಲ್ಲಿಗೆ ಹೋಯ್ತು ಡಾಕ್ಟ್ರೇ?"

ಅವರು ನಕ್ಕರು. "ಬಿದ್ದಿದ್ದನ್ನ ಯಾರೂ ನೋಡಿರಲಿಲ್ಲ ಅಜ್ಜಿ. ಮಗು ಹಿಂಗಿದೆ ಅಂದ್ರೆ ಪೆಟ್ಟು ಬಿದ್ದಿರಲೇಬೇಕು ಅಂತ ನಾವೇ ಅಂದ್ಕೊಂಡಿದ್ವಿ. ನಮ್ಮ ಪುಸ್ತಕದಲ್ಲೂ ಹಂಗೇ ಇತ್ತು."

"ಗಮನ ಇಲ್ಲ ಅಂತೀರಿ. ಇರುವೆ ಸಾಲು ಸಿಕ್ಕರೆ ಒಪ್ಪತ್ತು ಕದಲಲ್ಲ ಇವಳು."

"ಇಲ್ಲ ಅಂತಲ್ಲ. ಬೇಕಾದ ಕಡೆ ನಿಲ್ಲಿಸಾಕೆ ಅವಳ ಕೈಲಿ ಆಗಲ್ಲ."

ಆಗ ಬಾಯಿಗೆ ಬಂದೇಬಿಟ್ಟಿತು. "ನಾನು ಒತ್ತಿದ್ದೆರೀ. ಮೂರು ತಿಂಗಳು, ದಿನಾ, ಈ ಎರಡು ಕೈಯಾಗೆ."

ಮಗಳು ತಿರುಗಿ ನನ್ನನ್ನೇ ನೋಡಿದಳು. ಡಾಕ್ಟ್ರು, "ಕೂಸಿನ ತಲೆ ಒತ್ತಬಾರದು ಅಜ್ಜಿ, ಅದು ಬೇರೆ ಮಾತು. ಇವಳು ಹಿಂಗಿರೋದಕ್ಕೆ ನಿಮ್ಮ ಕೈ ಕಾರಣ ಅಲ್ಲ" ಅಂದರು.

"ನಾಳೆ ಪುಸ್ತಕ ಮತ್ತೆ ಬದಲಾದರೆ?"

"ಬದಲಾಗಲಿ. ಆಗಲೂ ನಿಮ್ಮ ಕೈ ಅದರಲ್ಲಿ ಇರಲ್ಲ."

ದಾರಿಯುದ್ದಕ್ಕೂ ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಮರುದಿನ ಬೆಳಗ್ಗೆ ಮಗಳು ಎದ್ದು ಎಣ್ಣೆ ಬಟ್ಟಲು ತಂದು ನನ್ನ ಮುಂದೆ ಇಟ್ಟಳು, ಅಷ್ಟೇ.

ಕಾಲು ಚಾಚಿ ಕೂತೆ. ಅಯ್ಯೋ, ಆ ಕೂಸಿನ ಬಿಸುಪು ಮೊಣಕಾಲಿಗೆ ತಾಗಿದಾಗ ಆದ ಖುಷಿ ನಾನು ಹೆಂಗೆ ಬರೀಲಿ! ನೀರು ಹಾಕಾಕೆ ದೊಡ್ಡವಳು ನಿಂತಿದ್ದಳು. ಅರ್ಧ ಚೊಂಬು ಹಾಕಿದವಳು ಹಂಡೆ ಹಿಂದಿನ ಇರುವೆ ನೋಡಾಕೆ ಹೋದಳು.

"ನೀರು ಕಣೇ!" ಅಂತ ಕೂಗಿ ನಾನೇ ನಕ್ಕೆ.

ಇಲ್ಲದ ಪೆಟ್ಟು ಹೆಂಗೆ ಬಂತು, ಹೆಂಗೆ ಹೋಯ್ತು ಅನ್ನೋದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವತ್ತು ನೆತ್ತಿಗೆ ಎಣ್ಣೆ ಇಟ್ಟು ಮೆಲ್ಲಗೆ ಸವರಿದೆ. ಕೂಸಿನ ತಲೆ ಒಂದಿಷ್ಟು ಉದ್ದವೇ ಇತ್ತು. ಹಂಗೇ ಬಿಟ್ಟೆ.