ಮಣೆಯ ಮೇಲಿನ ಎರಡು ಗುಳಿ

ಓಖ್ಲಾದ ಹಳೇ ಮುದ್ರಣ ಕಾರ್ಖಾನೆಯನ್ನು ಒಳಗಿನ ಸಾಮಾನಿನ ಸಮೇತ ಉಳಿಸುವ ಕೆಲಸ ನನ್ನದು. ಏನು ಉಳಿಯಬೇಕು, ಏನು ಗುಜರಿಗೆ ಹೋಗಬೇಕು ಎಂದು ಚೀಟಿ ಅಂಟಿಸುವವಳು ನಾನೇ. ದೊಡ್ಡ ಯಂತ್ರದ ಬುಡದಲ್ಲಿದ್ದ ಮರದ ಮಣೆಗೆ 'ಗುಜರಿ' ಎಂದು ಅಂಟಿಸಿದ್ದೆ.

ಆ ಯಂತ್ರವನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದ ರಾಮಸೇವಕ್‌ಜೀಯವರನ್ನು ಮಾಹಿತಿಗೆಂದು ಕರೆಸಿದ್ದೆವು. ಅವರು ಯಂತ್ರದ ಕಡೆ ನೋಡಲೇ ಇಲ್ಲ. ಚೀಟಿ ಓದಿ ನಕ್ಕರು.

"ಇದು ನಂದು ಮೇಡಂಜೀ. ನಾನು ಕುಳ್ಳ. ಇದರ ಮೇಲೆ ನಿಂತರೇನೇ ಕಾಗದ ಕೈಗೆ ಎಟುಕ್ತಿತ್ತು."

ಚಪ್ಪಲಿ ಬಿಟ್ಟು ಹತ್ತಿದರು. ಮಣೆ ಸವೆದು ಬಿದ್ದಿದ್ದ ಎರಡು ಗುಳಿಗಳಲ್ಲಿ ಅವರ ಪಾದಗಳು ಅಚ್ಚು ಹೊಯ್ದಂತೆ ಕೂತವು. ನನಗೆ ಹೊಟ್ಟೆ ಉರಿಯಿತು. ಹನ್ನೆರಡು ವರ್ಷದಲ್ಲಿ ಆರು ಆಫೀಸು ಬದಲಿಸಿದ್ದೇನೆ. ಒಂದು ಕುರ್ಚಿಯಲ್ಲೂ ನನ್ನ ಗುರುತು ಉಳಿದಿಲ್ಲ.

ಹೊಸ ಚೀಟಿ ಬರೆದು ಅಂಟಿಸಿದೆ: 'ಮುಟ್ಟಬಾರದು.'

"ಅಚ್ಛಾ, ಇನ್ಮೇಲೆ ನಾನೂ ನಿಲ್ಲೋ ಹಾಗಿಲ್ವಾ?"

"ರೂಲ್ಸು" ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಅವರು ಗೇಟು ದಾಟಿದ್ದೇ ತಡ, ಷೂ ಬಿಚ್ಚಿ ಮಣೆ ಹತ್ತಿದೆ. ಅವರಿಗಿಂತ ಒಂದು ಗೇಣು ಉದ್ದ ಇದ್ದೇನೆ ನಾನು. ಆದರೂ ಆ ಗುಳಿಗಳಲ್ಲಿ ನನ್ನ ಪಾದ, ಅಪ್ಪನ ಚಪ್ಪಲಿ ಮೆಟ್ಟಿದ ಮಗುವಿನದರಂತೆ ಅಲ್ಲಾಡಿತು.